ಇನ್ನೊಬ್ಬರ ಮಲವೇ ಮದ್ದಾದಾಗ

ಊಟದ ತಟ್ಟೆ ಮುಂದಿಟ್ಟುಕೊಂಡು ಓದುತ್ತಿದ್ದರೆ ಮೊದಲು ಊಟ ಮುಗಿಸಿ. ಈ ಲೇಖನದ ತುಂಬಾ ಮಲದ ಮಾತೇ ಇದೆ.

2013ರ ಜನವರಿಯಲ್ಲಿ ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಂ ವೈದ್ಯರು ಒಂದು ಸಣ್ಣ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಅದರಲ್ಲಿದ್ದ ರೋಗಿಗಳಲ್ಲಿ ಹೆಚ್ಚಿನವರು ವಯಸ್ಸಾದವರು. ಎಲ್ಲರಿಗೂ ಒಂದೇ ಕಾಟ. ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಅನ್ನುವ ಬ್ಯಾಕ್ಟೀರಿಯಾದಿಂದ ಬರುವ ಭೇದಿ. ವೈದ್ಯರ ಬಾಯಲ್ಲಿ ಇದು ಸಿ-ಡಿಫ್. ಮಾತ್ರೆ ತಗೊಂಡರೆ ನಿಲ್ಲುತ್ತದೆ, ಬಿಟ್ಟ ಕೆಲವು ವಾರಗಳಲ್ಲಿ ಮತ್ತೆ ಶುರುವಾಗುತ್ತದೆ. ಇವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ವ್ಯಾಂಕೊಮೈಸಿನ್ ಅನ್ನುವ ಆ್ಯಂಟಿಬಯಾಟಿಕ್ ಮಾತ್ರ. ಇನ್ನೊಂದಕ್ಕೆ ಅದರ ಜೊತೆಗೆ ಕರುಳು ತೊಳೆಯುವುದು. ಮೂರನೆಯ ಗುಂಪಿಗೆ ನಾಲ್ಕೈದು ದಿನ ಅದೇ ಆ್ಯಂಟಿಬಯಾಟಿಕ್ ಕೊಟ್ಟು, ಕರುಳು ತೊಳೆದು, ಆರೋಗ್ಯವಂತ ದಾನಿಯ ಮಲವನ್ನು ಉಪ್ಪುನೀರಿನಲ್ಲಿ ಕದಡಿ ಸೋಸಿ, ಮೂಗಿನ ಮೂಲಕ ಇಳಿಸಿದ ಕೊಳವೆಯಿಂದ ಸಣ್ಣ ಕರುಳಿಗೆ ಬಿಟ್ಟರು.

ಮಲ ಪಡೆದ 16 ಜನರಲ್ಲಿ 13 ಮಂದಿಗೆ ಒಂದೇ ಸಲಕ್ಕೆ ವಾಸಿಯಾಯಿತು. ಉಳಿದ ಮೂವರಿಗೆ ಬೇರೆ ದಾನಿಯ ಮಲ ಕೊಟ್ಟಾಗ ಇನ್ನಿಬ್ಬರು ಗುಣವಾದರು. ಆ್ಯಂಟಿಬಯಾಟಿಕ್ ಮಾತ್ರ ಪಡೆದ 13 ಜನರಲ್ಲಿ ವಾಸಿಯಾದವರು 4, ಕರುಳನ್ನೂ ತೊಳೆಸಿಕೊಂಡ 13 ಜನರಲ್ಲಿ 3. ವ್ಯತ್ಯಾಸ ಎಷ್ಟು ಎದ್ದು ಕಾಣುತ್ತಿತ್ತೆಂದರೆ, ಪ್ರಯೋಗವನ್ನು ಅರ್ಧದಲ್ಲೇ ನಿಲ್ಲಿಸಿಬಿಟ್ಟರು.

ಇದು ಹೇಗೆ ಕೆಲಸ ಮಾಡಿತು? ಅದಕ್ಕೆ ಮೊದಲು ಈ ಭೇದಿ ಯಾಕೆ ಬರುತ್ತದೆ ಅಂತ ನೋಡಬೇಕು. ಸಾಮಾನ್ಯವಾಗಿ ಇದು ಬರುವುದೇ ಆ್ಯಂಟಿಬಯಾಟಿಕ್ ತಗೊಂಡ ಮೇಲೆ. ಬೇರೆ ಯಾವುದೋ ಸೋಂಕಿಗೆ ಕೊಟ್ಟ ಔಷಧಿ ಕರುಳಿನ ಖಾಯಂ ನಿವಾಸಿಗಳಾದ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಸಾಯಿಸುತ್ತದೆ. ಆ ಜಾಗದಲ್ಲಿ ಸಿ-ಡಿಫ್ ಬೆಳೆದು, ಕರುಳಿನ ಒಳಪದರ ಕೊರೆಯುವ ವಿಷ ಬಿಡುತ್ತದೆ. 1970ರ ದಶಕದಲ್ಲಿ ಕ್ಲಿಂಡಾಮೈಸಿನ್ ತಗೊಂಡವರಲ್ಲಿ ಇಂಥ ಭೇದಿ ಜಾಸ್ತಿ ಕಂಡಾಗ ಹುಡುಕಾಟ ಶುರುವಾಗಿ, 1978ರಲ್ಲಿ ಅಪರಾಧಿ ಸಿಕ್ಕಿಬಿತ್ತು. ಈ ಬ್ಯಾಕ್ಟೀರಿಯಾ ಕಷ್ಟಕಾಲದಲ್ಲಿ ಗಟ್ಟಿ ಚಿಪ್ಪಿನ ಬೀಜಾಣುವಾಗಿ ಕೂತುಬಿಡುತ್ತದೆ. ಆ್ಯಂಟಿಬಯಾಟಿಕ್ ಆ ಚಿಪ್ಪನ್ನು ದಾಟುವುದಿಲ್ಲ. ಆಲ್ಕೋಹಾಲ್ ಸ್ಯಾನಿಟೈಸರ್ ಕೂಡ ಇದನ್ನು ಕೊಲ್ಲುವುದಿಲ್ಲ. ಕೈಯನ್ನು ಸೋಪು ನೀರಿನಲ್ಲಿ ಉಜ್ಜಿ ತೊಳೆದೇ ಕಳಿಸಬೇಕು.

ಇಲ್ಲಿಂದ ಮುಂದಿನ ಕಥೆ ಪಿತ್ತರಸದ್ದು. ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದೇ. ಕೊಬ್ಬನ್ನು ಕರಗಿಸಲು ಲಿವರ್ ಪಿತ್ತರಸ ತಯಾರಿಸುತ್ತದೆ. ಕೆಲಸ ಮುಗಿದ ಮೇಲೆ ಅದರ ಆಮ್ಲಗಳಲ್ಲಿ ಬಹುಪಾಲನ್ನು ಸಣ್ಣ ಕರುಳಿನ ಕೊನೆಯ ಭಾಗ ವಾಪಸ್ ಹೀರಿಕೊಳ್ಳುತ್ತದೆ. ಸ್ವಲ್ಪ ಮಾತ್ರ ತಪ್ಪಿಸಿಕೊಂಡು ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಆ ಆಮ್ಲಗಳ ರಚನೆಯನ್ನೇ ಬದಲಿಸುತ್ತವೆ. ಈ ಸಣ್ಣ ಬದಲಾವಣೆಯ ಮೇಲೆ ಎಲ್ಲವೂ ನಿಂತಿದೆ. ಲಿವರ್‌ನಿಂದ ಬಂದ ಹಾಗೇ ಇರುವ ಪಿತ್ತಾಮ್ಲ ಸಿ-ಡಿಫ್ ಬೀಜಾಣುವನ್ನು ಎಬ್ಬಿಸುತ್ತದೆ. ಬದಲಾದ ಪಿತ್ತಾಮ್ಲ ಅದು ಬೆಳೆಯದ ಹಾಗೆ ತಡೆಯುತ್ತದೆ. ಬದಲಿಸುವ ಬ್ಯಾಕ್ಟೀರಿಯಾಗಳೇ ಸತ್ತುಹೋದರೆ ಎಬ್ಬಿಸುವುದು ಮಾತ್ರ ಉಳಿಯಿತು, ಅಲ್ವಾ? ವ್ಯಾಂಕೊಮೈಸಿನ್ ಎದ್ದ ಸಿ-ಡಿಫ್ ಅನ್ನು ಕೊಲ್ಲುತ್ತದೆ ನಿಜ. ಆದರೆ ಜೊತೆಗೆ ಕಾವಲು ಕಾಯುವ ಆ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಔಷಧಿ ನಿಂತ ಮೇಲೆ ಮಲಗಿದ್ದ ಬೀಜಾಣುಗಳು ಏಳುತ್ತವೆ. ರೋಗ ಮರುಕಳಿಸುವುದು ಹೀಗೆ. ದಾನಿಯ ಮಲ ಆ ಕಾವಲುಗಾರರನ್ನು ಕರುಳಿಗೆ ವಾಪಸ್ ತರುತ್ತದೆ.

2015ರಲ್ಲಿ ನ್ಯೂಯಾರ್ಕ್‌ನ ಸ್ಲೋನ್ ಕೆಟರಿಂಗ್ ಸಂಸ್ಥೆಯ ಎರಿಕ್ ಪೇಮರ್ ತಂಡ ಪಿತ್ತಾಮ್ಲ ಬದಲಿಸುವ ಇಂಥ ಬ್ಯಾಕ್ಟೀರಿಯಾಗಳಲ್ಲಿ ಒಂದನ್ನು ಗುರುತಿಸಿತು. ಅದರ ಹೆಸರು ಕ್ಲಾಸ್ಟ್ರಿಡಿಯಂ ಸಿಂಡೆನ್ಸ್. ಇಲಿಗಳಿಗೆ ಇದನ್ನು ಕೊಟ್ಟಾಗ ಸಿ-ಡಿಫ್ ಸೋಂಕು ಕಡಿಮೆಯಾಯಿತು.

ಮಲದ ಚಿಕಿತ್ಸೆ ಹೊಸದೇನೂ ಅಲ್ಲ. ನಾಲ್ಕನೇ ಶತಮಾನದಲ್ಲೇ ಚೀನಾದ ಗೆ ಹಾಂಗ್ ಎಂಬ ವೈದ್ಯ ವಿಪರೀತ ಭೇದಿಗೆ ಮನುಷ್ಯರ ಮಲದ ಮದ್ದು ಬರೆದಿಟ್ಟಿದ್ದ. 1958ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಬೆನ್ ಐಸ್‌ಮನ್ ಎಂಬ ಸರ್ಜನ್ ಮತ್ತು ಸಂಗಡಿಗರು ನಾಲ್ವರು ರೋಗಿಗಳಿಗೆ ಮಲದ ಎನಿಮಾ ಕೊಟ್ಟು ಉಳಿಸಿದರು. ಆಗ ಸಿ-ಡಿಫ್ ಕಾರಣ ಅಂತ ಯಾರಿಗೂ ಗೊತ್ತಿರಲಿಲ್ಲ. ಕಾರಣಕ್ಕಿಂತ 20 ವರ್ಷ ಮೊದಲೇ ಮದ್ದು ಸಿಕ್ಕಿತ್ತು, ಆದರೆ ಹೆಚ್ಚಿನವರು ಅದರ ಗೋಜಿಗೆ ಹೋಗಲಿಲ್ಲ. ಅಸಹ್ಯವೂ ಒಂದು ಕಾರಣ ಇರಬಹುದು ಅನ್ನುವುದು ನನ್ನ ಅನಿಸಿಕೆ.

ಹಾಗಂತ ಇದು ಮನೆಯಲ್ಲಿ ಮಾಡಿಕೊಳ್ಳುವ ಚಿಕಿತ್ಸೆ ಅಲ್ಲವೇ ಅಲ್ಲ. 2019ರಲ್ಲಿ ಅಮೆರಿಕದಲ್ಲಿ ರೋಗನಿರೋಧಕ ಶಕ್ತಿ ಕುಂದಿದ್ದ ಇಬ್ಬರು ಒಬ್ಬನೇ ದಾನಿಯ ಮಲ ಪಡೆದಿದ್ದರು. ಅದರಲ್ಲಿ ಹಲವು ಔಷಧಿಗಳಿಗೆ ಬಗ್ಗದ ಇ. ಕೋಲೈ ಇತ್ತು. ಒಬ್ಬರು ತೀರಿಕೊಂಡರು. ಆ ದಾನಿಯ ಮಲವನ್ನು ಆ ಬ್ಯಾಕ್ಟೀರಿಯಾಕ್ಕಾಗಿ ಪರೀಕ್ಷೆ ಮಾಡಿರಲಿಲ್ಲ. ಆಮೇಲೆ ನಿಯಮ ಬಿಗಿಯಾಯಿತು.

2023ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಂದು ಕ್ಯಾಪ್ಸೂಲ್‌ಗೆ ಒಪ್ಪಿಗೆ ಕೊಟ್ಟರು. ದಿನಕ್ಕೆ ನಾಲ್ಕರಂತೆ ಮೂರು ದಿನ ನುಂಗಿದರೆ ಮುಗಿಯಿತು. ದಾನಿಯ ಮಲವನ್ನು ಆಲ್ಕೋಹಾಲ್‌ನಲ್ಲಿ ನೆನೆಸಿದಾಗ ಬೇರೆಲ್ಲ ಸತ್ತು, ಒಳ್ಳೆಯ ಬ್ಯಾಕ್ಟೀರಿಯಾಗಳ ಬೀಜಾಣು ಮಾತ್ರ ಉಳಿಯುತ್ತವೆ. ಅವನ್ನೇ ಕ್ಯಾಪ್ಸೂಲ್‌ಗೆ ತುಂಬುತ್ತಾರೆ. ಆಸ್ಪತ್ರೆಯ ಸ್ಯಾನಿಟೈಸರ್‌ನಿಂದ ಸಿ-ಡಿಫ್ ತಪ್ಪಿಸಿಕೊಳ್ಳುವುದೂ ಇದೇ ಉಪಾಯದಿಂದಲೇ! ಪ್ರಯೋಗದಲ್ಲಿ ಎಂಟು ವಾರದೊಳಗೆ ರೋಗ ಮರುಕಳಿಸಿದ್ದು ಕ್ಯಾಪ್ಸೂಲ್ ನುಂಗಿದವರಲ್ಲಿ ಶೇ. 12, ಸುಳ್ಳು ಮಾತ್ರೆ ನುಂಗಿದವರಲ್ಲಿ ಶೇ. 40.

ಇಷ್ಟು ಗೆಲುವು ಕಂಡ ಮೇಲೆ ಆಸೆ ಬೆಳೆಯಿತು. ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್), ಬೊಜ್ಜು, ಸಕ್ಕರೆ ಕಾಯಿಲೆ, ಖಿನ್ನತೆ, ಎಲ್ಲಕ್ಕೂ ಕರುಳಿನ ಬ್ಯಾಕ್ಟೀರಿಯಾ ಬದಲಿಸಿದರೆ ಸಾಕು ಅನ್ನುವ ಮಾತು ಶುರುವಾಯಿತು. ನನಗೆ ತಕರಾರು ಇರುವುದು ಇಲ್ಲಿ. ಐಬಿಎಸ್ ಅನ್ನೇ ನೋಡಿ. ಹೊಟ್ಟೆನೋವು, ಉಬ್ಬರ, ಒಂದು ದಿನ ಭೇದಿ, ಇನ್ನೊಂದು ದಿನ ಮಲಬದ್ಧತೆ. ನಾರ್ವೆಯಲ್ಲಿ 165 ಜನರಿಗೆ ಮಾಡಿದ ಪ್ರಯೋಗದಲ್ಲಿ ಒಬ್ಬನೇ ಆಯ್ದ ದಾನಿಯ ಮಲ ಪಡೆದವರು ಚೆನ್ನಾಗಿ ಸುಧಾರಿಸಿದರು. ಆದರೆ 2018ರಲ್ಲಿ ಪ್ರಕಟವಾದ ಡೆನ್ಮಾರ್ಕ್‌ನ ಪ್ರಯೋಗದಲ್ಲಿ ಮಲದ ಕ್ಯಾಪ್ಸೂಲ್ ನುಂಗಿದವರಿಗಿಂತ ಸುಳ್ಳು ಕ್ಯಾಪ್ಸೂಲ್ ನುಂಗಿದವರೇ ಜಾಸ್ತಿ ಸುಧಾರಿಸಿದ್ದರು. ಸಿ-ಡಿಫ್‌ನಲ್ಲಿ ಶತ್ರು ಒಂದು, ನಿಂತುಹೋದ ಕೆಲಸವೂ (ಪಿತ್ತಾಮ್ಲ ಬದಲಿಸುವುದು) ಗೊತ್ತಿರುವಂಥದ್ದು. ಐಬಿಎಸ್‌ನಲ್ಲಿ ಕರುಳಿನ ನರಗಳು, ಮಿದುಳು, ಆಹಾರ, ಹಿಂದೆ ಆದ ಸೋಂಕು ಎಲ್ಲ ಸೇರಿಕೊಂಡಿವೆ. ಅಲ್ಲದೆ ಭೇದಿಯೇ ಬ್ಯಾಕ್ಟೀರಿಯಾಗಳ ಲೆಕ್ಕ ಬದಲಿಸುತ್ತದೆ. ರೋಗಿಯ ಮಲದಲ್ಲಿ ಕಂಡ ವ್ಯತ್ಯಾಸ ರೋಗದ ಕಾರಣವೋ, ಪರಿಣಾಮವೋ ಸುಲಭಕ್ಕೆ ತಿಳಿಯುವುದಿಲ್ಲ.

ದೊಡ್ಡ ಕರುಳು ಹುಣ್ಣಾಗಿ ರಕ್ತಭೇದಿ ಆಗುವ ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಸ್ವಲ್ಪ ಭರವಸೆ ಇದೆ. ದೆಹಲಿಯ ಏಮ್ಸ್ ವೈದ್ಯರು 66 ರೋಗಿಗಳ ಮೇಲೆ ನಡೆಸಿದ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಹಳ್ಳಿಯ ಆರೋಗ್ಯವಂತ ದಾನಿಗಳ ಮಲದ ಜೊತೆಗೆ ಉರಿಯೂತ ತಗ್ಗಿಸುವ ಆಹಾರವನ್ನೂ ಕೊಟ್ಟಾಗ, ಎಂಟು ವಾರದಲ್ಲಿ ಶೇ. 60ರಷ್ಟು ಜನರ ರೋಗ ಹತೋಟಿಗೆ ಬಂತು. ಮಾಮೂಲಿ ಔಷಧಿ ಪಡೆದವರಲ್ಲಿ ಇದು ಶೇ. 32. ಮಲದ ಪಾಲೆಷ್ಟು, ಊಟದ ಪಾಲೆಷ್ಟು ಅಂತ ಬಿಡಿಸಿ ಹೇಳುವುದು ಮಾತ್ರ ಕಷ್ಟ.

ನಮ್ಮಲ್ಲಿ ಆ್ಯಂಟಿಬಯಾಟಿಕ್ ಚೀಟಿಯ ಕೊನೆಗೆ ಒಂದು ಪ್ರೊಬಯಾಟಿಕ್, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ ಮಾತ್ರೆ, ಸೇರಿಸುವುದು ರೂಢಿ. 2018ರಲ್ಲಿ ಇಸ್ರೇಲ್‌ನ ವೈಜ್‌ಮನ್ ಸಂಸ್ಥೆ ಇದನ್ನು 21 ಆರೋಗ್ಯವಂತರಲ್ಲಿ ಪರೀಕ್ಷಿಸಿತು. ಆ್ಯಂಟಿಬಯಾಟಿಕ್ ಮುಗಿದ ಮೇಲೆ ಕೆಲವರನ್ನು ಸುಮ್ಮನೆ ಬಿಟ್ಟರು, ಕೆಲವರಿಗೆ ಪ್ರೊಬಯಾಟಿಕ್ ಕೊಟ್ಟರು, ಕೆಲವರಿಗೆ ಮೊದಲೇ ತೆಗೆದಿಟ್ಟಿದ್ದ ಅವರದೇ ಮಲ ವಾಪಸ್ ಕೊಟ್ಟರು. ಸ್ವಂತ ಮಲ ಪಡೆದವರ ಕರುಳು ಕೆಲವೇ ದಿನಗಳಲ್ಲಿ ಮೊದಲಿನ ಸ್ಥಿತಿಗೆ ಬಂತು. ಪ್ರೊಬಯಾಟಿಕ್ ತಗೊಂಡವರದು ಸುಮ್ಮನೆ ಬಿಟ್ಟವರಿಗಿಂತಲೂ ನಿಧಾನ, ತಿಂಗಳುಗಳೇ ಹಿಡಿದವು. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿದ ಹಾಗೆ, ಹೊರಗಿನ ಬ್ಯಾಕ್ಟೀರಿಯಾಗಳು ಜಾಗ ಹಿಡಿದುಬಿಟ್ಟಿದ್ದವು. ಇದು ಸಣ್ಣ ಪ್ರಯೋಗ. ಇದನ್ನು ಓದಿ ವೈದ್ಯರು ಬರೆದ ಮಾತ್ರೆ ಬಿಡಬೇಡಿ. ಮನೆಯ ಮೊಸರಿಗೂ ಇದಕ್ಕೂ ಸಂಬಂಧವಿಲ್ಲ, ಆರಾಮಾಗಿ ತಿನ್ನಿ.

ಸ್ವಂತ ಮಲ ತೆಗೆದಿಡುವುದನ್ನು ಸ್ಲೋನ್ ಕೆಟರಿಂಗ್ ಆಸ್ಪತ್ರೆ ರಕ್ತದ ಆಕರಕೋಶ (ಸ್ಟೆಮ್ ಸೆಲ್) ಕಸಿ ಮಾಡಿಸಿಕೊಳ್ಳುವ ರೋಗಿಗಳಲ್ಲಿ ಮಾಡಿಯೂ ನೋಡಿದೆ. ಇವರಿಗೆ ಕಸಿಯ ಹೊತ್ತಿನಲ್ಲಿ ಭಾರೀ ಆ್ಯಂಟಿಬಯಾಟಿಕ್ ಬೇಕಾಗುತ್ತದೆ. ಅದಕ್ಕೇ ಮೊದಲೇ ಮಲ ಪಡೆದು ಫ್ರೀಜರ್‌ನಲ್ಲಿಟ್ಟು, ಕಸಿಯಾದ ಮೇಲೆ 14 ಜನರಿಗೆ ಎನಿಮಾ ಮೂಲಕ ವಾಪಸ್ ಕೊಟ್ಟರು. ಕಳೆದುಹೋಗಿದ್ದ ಬ್ಯಾಕ್ಟೀರಿಯಾಗಳಲ್ಲಿ ಬಹಳಷ್ಟು ಅವರ ಕರುಳಿನಲ್ಲಿ ಮತ್ತೆ ಕಾಣಿಸಿಕೊಂಡವು.