ಬೀಳು ಬಿದ್ದ ಖಾಜಣ, ಘಾಟಿ ಇಳಿಯುವ ಲಾರಿ: ಗೋವಾದ ಊಟದ ಹಿನ್ನೆಲೆ

2020ರ ಮಾರ್ಚ್ ಕೊನೆಯ ವಾರದಲ್ಲಿ ಗೋವಾದಲ್ಲಿ ದಿನಸಿ ಅಂಗಡಿಗಳೂ ಕೆಲವು ದಿನ ಬಾಗಿಲು ತೆರೆಯಲಿಲ್ಲ. ಚೋರ್ಲಾ ಮತ್ತು ಅನ್ಮೋಡ್ ಘಾಟಿಗಳಲ್ಲಿ ಬೆಳಗಾವಿಯಿಂದ ಬರುವ ತರಕಾರಿ ಲಾರಿಗಳ ಓಡಾಟ ಅಸ್ತವ್ಯಸ್ತವಾಯಿತು. ವಾಸ್ಕೋದ ಬೈನಾ, ಝುವಾರಿ ನಗರಗಳಲ್ಲಿ ದಿನಗೂಲಿಯ ಮೇಲೆ ಬದುಕುವ ವಿಜಯಪುರ, ಬಾಗಲಕೋಟೆ, ಕೊಪ್ಪಳ ಕಡೆಯ ನಮ್ಮವರ ಮನೆಗಳಲ್ಲಿ ಈರುಳ್ಳಿಯನ್ನೂ ಲೆಕ್ಕ ಹಾಕಿ ಹೆಚ್ಚುವಂತಾಯಿತು. ಅದೇ ಹೊತ್ತಿಗೆ ಬೆಳಗಾವಿ ಸುತ್ತಲಿನ ಹೊಲಗಳಲ್ಲಿ ಕೊಳ್ಳುವವರಿಲ್ಲದೆ ಎಲೆಕೋಸು ಕೊಳೆಯುತ್ತಿತ್ತು. ನಡುವೆ ಇದ್ದದ್ದು ಒಂದು ಬೆಟ್ಟದ ಸಾಲು ಮಾತ್ರ.

ಲಾಕ್‌ಡೌನ್ ಮುಗಿಯಿತು, ಲಾರಿಗಳು ಮತ್ತೆ ಇಳಿದವು, ಎಲ್ಲರೂ ಅದನ್ನು ಮರೆತರು. ಇಂದಿಗೂ ಮಡಗಾಂವ್, ಮ್ಹಾಪ್ಸಾ, ಪಣಜಿಯ ಮಾರುಕಟ್ಟೆಗಳಿಗೆ ನಸುಕಿನಲ್ಲಿ ಬರುವ ಟೊಮೆಟೊ, ಹೂಕೋಸು, ಬೀನ್ಸ್, ಕೊತ್ತಂಬರಿಯ ಬಹುಪಾಲು ಘಾಟಿ ಇಳಿದು ಬಂದದ್ದೇ. ಮಾರಲು ಕೂತಿರುವವರಲ್ಲೂ ಕನ್ನಡ ಮಾತನಾಡುವವರೇ ಬಹಳ. ಗೋವಾ ರಾಜ್ಯ ತೋಟಗಾರಿಕೆ ನಿಗಮ ತನ್ನ ಹಸಿರು ಗಾಡಿಗಳಲ್ಲಿ ಸಹಾಯಧನ ಕೊಟ್ಟು ಮಾರುವ ತರಕಾರಿಗೂ ಬೆಳಗಾವಿಯೇ ದೊಡ್ಡ ಆಸರೆ. ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ, ಮಾಂಡವಿ ಮತ್ತು ಝುವಾರಿಯಂಥ ಎರಡು ತುಂಬು ನದಿಗಳಿರುವ 3,702 ಚದರ ಕಿಲೋಮೀಟರಿನ ಈ ನಾಡು ತನ್ನ ಊಟಕ್ಕೆ ಹೀಗೆ ಘಾಟಿಯತ್ತ ನೋಡುತ್ತಾ ಕೂರುವ ಸ್ಥಿತಿಗೆ ಹೇಗೆ ಬಂತು?

ಗೋವಾ ಹಿಂದೆಯೂ ಪೂರ್ತಿ ಸ್ವಾವಲಂಬಿಯಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. 1510ರಲ್ಲಿ ಅಫೊನ್ಸೊ ದ ಅಲ್ಬುಕರ್ಕ್ ಗೋವಾವನ್ನು ಹಿಡಿದ ಮೇಲೆ ಬೆಳೆದ ನಗರದ ಹೊಟ್ಟೆ ತುಂಬಿಸಿದ್ದು ಬಹುಮಟ್ಟಿಗೆ ಕನ್ನಡ ಕರಾವಳಿಯ ಅಕ್ಕಿ. ಹೊನ್ನಾವರ, ಭಟ್ಕಳ, ಬಸರೂರು, ಮಂಗಳೂರು ಬಂದರುಗಳಿಂದ ಅಕ್ಕಿ ತುಂಬಿದ ಹಡಗುಗಳು ಕಾವಲು ಪಡೆಯೊಂದಿಗೆ ಸಾಲಾಗಿ ಗೋವಾಕ್ಕೆ ಹೋಗುತ್ತಿದ್ದವು. ಕರಾವಳಿಯ ಸಣ್ಣ ಪಾಳೆಯಗಾರರಿಂದ ಪೋರ್ಚುಗೀಸರು ಕಪ್ಪವನ್ನು ಅಕ್ಕಿಯ ಮೂಟೆಗಳಲ್ಲೇ ವಸೂಲು ಮಾಡುತ್ತಿದ್ದರು. ಹದಿನೇಳನೆಯ ಶತಮಾನದ ನಡುವೆ ಕೆಳದಿಯ ಶಿವಪ್ಪನಾಯಕ ಆ ಬಂದರುಗಳ ಕೋಟೆಗಳಿಂದ ಅವರನ್ನು ಹೊರಗಟ್ಟಿದಾಗ ಅವರು ಕಳೆದುಕೊಂಡದ್ದು ಕಾಳುಮೆಣಸಿನ ವ್ಯಾಪಾರವನ್ನು ಮಾತ್ರವಲ್ಲ. ಅನ್ನದ ದಾರಿಯನ್ನೂ ಕಳೆದುಕೊಂಡರು. ಮುಂದೆ ಕೆಳದಿಯೊಂದಿಗೆ ಮಾಡಿಕೊಂಡ ಒಪ್ಪಂದಗಳಲ್ಲಿ ಅಕ್ಕಿಯ ಮಾತು ಬಾರದೆ ಇರಲಿಲ್ಲ.

ಆದರೆ ಅದು ರಾಜಧಾನಿಯ, ಹಡಗುಗಳ, ಸೈನ್ಯದ ಹಸಿವು. ಹಳ್ಳಿಗಳ ಊಟದ ಆಧಾರ ಬೇರೆಯೇ ಇತ್ತು, ಅದು ಖಾಜಣ.

ಉತ್ತರ ಕನ್ನಡದವರಿಗೆ ಖಾಜಣವನ್ನು ವಿವರಿಸಬೇಕಾಗಿಲ್ಲ. ಅಘನಾಶಿನಿಯ ಗಜನಿ ಗದ್ದೆಯನ್ನು ಕಂಡವರಿಗೆ, ಕಗ್ಗ ಭತ್ತದ ಅನ್ನ ಉಂಡವರಿಗೆ ಅದು ಗುರುತಿನ ಭೂಮಿ. ಉಪ್ಪುನೀರು ಏರಿಳಿಯುವ ನದೀಮುಖದ ತಗ್ಗು ಜಾಗಕ್ಕೆ ಮಣ್ಣು, ಮುರಕಲ್ಲು, ಹುಲ್ಲಿನಿಂದ ಒಡ್ಡು ಕಟ್ಟಿ ಗದ್ದೆ ಮಾಡಿಕೊಂಡದ್ದು. ಇಂಥ ಭೂಮಿ ಗೋವಾದಲ್ಲಿ ಸುಮಾರು 18,000 ಹೆಕ್ಟೇರ್ ಇದೆ ಎಂಬುದು ವಾಡಿಕೆಯ ಲೆಕ್ಕ. ಸುಮಾರು ಆರನೆಯ ಶತಮಾನದ ಬಾಂದೋಡೆ ತಾಮ್ರಪಟದಲ್ಲೇ ಖಜ್ಜಣ ಭೂಮಿಯ ದಾನದ ಪ್ರಸ್ತಾಪವಿದೆ. ಎಂದರೆ ಪೋರ್ಚುಗೀಸರು ಬರುವ ಹೊತ್ತಿಗೆ ಈ ವಿದ್ಯೆಗೆ ಸಾವಿರ ವರ್ಷ ತುಂಬುತ್ತಾ ಬಂದಿತ್ತು.

ಈ ವ್ಯವಸ್ಥೆಯ ಜೀವ ಇರುವುದು ಮಾನಸ್ ಎಂಬ ತೂಬಿನಲ್ಲಿ. ಒಡ್ಡಿನ ಬಾಯಿಯಲ್ಲಿ ಮುರಕಲ್ಲಿನ ಕಂಬಗಳ ನಡುವೆ, ಉಪ್ಪುನೀರಿಗೆ ಜಗ್ಗದ ಮತ್ತಿ ಮರದ ಹಲಗೆಗಳ ಕದವನ್ನು ಮೇಲಿನಿಂದ ತೂಗುಬಿಟ್ಟಿರುತ್ತಾರೆ. ಭರತದ ನೀರು ಹೊರಗಿನಿಂದ ಒತ್ತಿದರೆ ಕದ ತಾನೇ ಮುಚ್ಚಿಕೊಳ್ಳುತ್ತದೆ. ಇಳಿತವಾದಾಗ ಒಳಗೆ ನಿಂತ ಮಳೆನೀರು ಅದನ್ನು ತಳ್ಳಿ ತೆರೆದು ನದಿಗೆ ಹೋಗುತ್ತದೆ. ಕದ ತೆಗೆದು ಹಾಕಲು ಯಾರೂ ಬೇಕಾಗಿಲ್ಲ, ಚಂದ್ರನೇ ಸಾಕು. ಮಾನಸಿನ ಒಳಬದಿಯಲ್ಲಿ ಪೊಯ್ ಎಂಬ ಕೊಳ. ನೀರು ಅಲ್ಲಿ ನಿಂತು, ಕಾಲುವೆಗಳ ಮೂಲಕ ಗದ್ದೆಗೂ ನದಿಗೂ ಹಂಚಿಹೋಗುತ್ತದೆ. ಇಳಿತದ ಹೊತ್ತಿಗೆ ತೂಬಿನ ಬಾಯಿಗೆ ಬಲೆ ಕಟ್ಟಿದರೆ ಸಿಗಡಿ, ಏಡಿ, ಮೀನು ಸಿಗುತ್ತವೆ. ಮುಂಗಾರಿನ ಮೊದಲ ಮಳೆಗಳು ನೆಲದ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಕೊರ್ಗುಟ ಬೀಜವನ್ನು ಬಿತ್ತುತ್ತಾರೆ. ನೀಳ ಕಾಂಡದ ಈ ಕೆಂಪಕ್ಕಿಯ ಭತ್ತ ಉಪ್ಪನ್ನೂ ತಡೆಯುತ್ತದೆ, ಕೆಲವು ದಿನ ನೀರಿನಲ್ಲಿ ಮುಳುಗಿದ್ದರೂ ತಡೆಯುತ್ತದೆ. ಇಳುವರಿ ಕಡಿಮೆ ನಿಜ. ಆದರೆ ಗೊಬ್ಬರದ ಅಂಗಡಿಗೆ ಹೋಗದೆ, ಅನ್ನವನ್ನೂ ಮೀನನ್ನೂ ಒಂದೇ ತುಂಡು ನೆಲದಿಂದ ಕೊಡುತ್ತಿದ್ದ ಏರ್ಪಾಡು ಅದು. ಸಮುದ್ರ ಮಟ್ಟ ಏರುತ್ತಿರುವ ಕಾಲದಲ್ಲಿ ಇದನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವುದು ದೊಡ್ಡ ಅವಿವೇಕ. ಹಳೆ ಗೋವಾದಲ್ಲಿರುವ ಕೇಂದ್ರೀಯ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ಗೋವಾ ಧಾನ್ 1 ಮತ್ತು 2 ಎಂಬ ಉಪ್ಪು ತಡೆಯುವ ತಳಿಗಳನ್ನು ಆಯ್ದು ತೆಗೆದದ್ದು ಈ ಕೊರ್ಗುಟದಿಂದಲೇ.

ಕದ ಕಾಯಲು ಯಾರೂ ಬೇಡ, ಆದರೆ ಒಡ್ಡು ಕಾಯಲು ಊರೇ ಬೇಕು. ಏಡಿಗಳು ಒಡ್ಡಿನಲ್ಲಿ ಬಿಲ ತೋಡುತ್ತವೆ. ಬೆರಳು ತೂರುವಷ್ಟು ಬಿಲ ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತದಲ್ಲಿ ಕೈ ತೂರುವಷ್ಟಾಗುತ್ತದೆ. ಮುಚ್ಚದೆ ಬಿಟ್ಟರೆ ಒಡ್ಡೇ ಕುಸಿಯುತ್ತದೆ. ಒಬ್ಬನ ಗದ್ದೆಯ ಬದಿಯಲ್ಲಿ ಒಡೆದರೆ ನೂರು ಜನರ ಗದ್ದೆಗೆ ಉಪ್ಪುನೀರು ನುಗ್ಗುತ್ತದೆ. ಆದ್ದರಿಂದ ಖಾಜಣ ಎಂದೂ ಒಬ್ಬೊಬ್ಬರ ಬೇಸಾಯವಾಗಿರಲಿಲ್ಲ. ಅದನ್ನು ನಡೆಸುತ್ತಿದ್ದದ್ದು ಗಾಂವಕಾರಿ. ಊರಿನ ಮೂಲ ಕುಟುಂಬಗಳ ಕೂಟ ನೆಲವನ್ನು ಸಾಮೂಹಿಕವಾಗಿ ಇಟ್ಟುಕೊಂಡು, ಗದ್ದೆಗಳನ್ನು ಹರಾಜಿನಲ್ಲಿ ಗೇಣಿಗೆ ಕೊಟ್ಟು, ಬಂದ ಹಣದಲ್ಲಿ ಮೊದಲು ಒಡ್ಡು, ಕೆರೆ, ದೇವಸ್ಥಾನದ ಖರ್ಚು ತೆಗೆದು, ಉಳಿದದ್ದನ್ನು ಝೊಣ್ ಎಂದು ಹಂಚಿಕೊಳ್ಳುತ್ತಿತ್ತು. 1526ರಲ್ಲಿ ಪೋರ್ಚುಗೀಸ್ ಹಣಕಾಸು ಅಧಿಕಾರಿ ಅಫೊನ್ಸೊ ಮೆಶಿಯಾ ಈ ಕಟ್ಟಳೆಗಳನ್ನು ಬರಹಕ್ಕೆ ಇಳಿಸಿದ. ಪೋರ್ಚುಗೀಸರ ಬಾಯಲ್ಲಿ ಗಾಂವಕಾರಿ ಕೊಮುನಿದಾದ್ ಆಯಿತು. ಒಡ್ಡಿನ ಖರ್ಚು ಮೊದಲು, ಪಾಲು ಆಮೇಲೆ ಎಂಬ ಈ ಸಣ್ಣ ಕ್ರಮದ ಮೇಲೆ ಖಾಜಣ ನಿಂತಿತ್ತು.

ಹಾಗೆಂದು ಆ ಕಾಲವನ್ನು ಹಾಡಿ ಹೊಗಳಲು ನನಗೆ ಮನಸ್ಸಿಲ್ಲ. ಝೊಣ್ ಸಿಗುತ್ತಿದ್ದದ್ದು ಗಾಂವಕಾರ ಮನೆತನಗಳ ಗಂಡಸರಿಗೆ. ಸೊಂಟದ ಮಟ್ಟದ ಕೆಸರಿನಲ್ಲಿ ನಿಂತು ಒಡ್ಡು ಕಟ್ಟಿದವರಿಗೆ ನೆಲದಲ್ಲಿ ಪಾಲಿರಲಿಲ್ಲ, ಕೂಟದಲ್ಲಿ ಮಾತಿರಲಿಲ್ಲ.

ಪೋರ್ಚುಗೀಸ್ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಗೋವಾದ ಊಟದ ಚಿತ್ರ ವಿಚಿತ್ರವಾಗಿತ್ತು. 1950ರ ದಶಕದಲ್ಲಿ ಭಾರತ ಆರ್ಥಿಕ ದಿಗ್ಬಂಧನ ಹಾಕಿತು. ಘಾಟಿಯ ದಾರಿ ಮುಚ್ಚಿತು. ಆಡಳಿತ ಸಮುದ್ರದ ಕಡೆಯಿಂದ ಪಾಕಿಸ್ತಾನದ ಅಕ್ಕಿಯನ್ನೂ ಹಾಲೆಂಡಿನ ಆಲೂಗಡ್ಡೆಯನ್ನೂ ತರಿಸಿತು. ಅದೇ ದಶಕದಲ್ಲಿ ಕಬ್ಬಿಣದ ಅದಿರಿನ ರಫ್ತು ಭರದಿಂದ ಏರಿತು. ಡಿಚೋಲಿ, ಸತ್ತರಿ, ಸಾಂಗೆ ತಾಲೂಕುಗಳ ಗುಡ್ಡಗಳನ್ನು ಅಗೆದು ಹೊರದೇಶಕ್ಕೆ ಕಳಿಸಿದರು, ಹೊರದೇಶದ ಊಟ ಒಳಗೆ ಬಂತು. ಗುಡ್ಡದ ಕೆಂಪು ಹೂಳು ಮಳೆಗಾಲದಲ್ಲಿ ಕೆಳಗಿನ ಗದ್ದೆಗಳ ಮೇಲೆ ಕೂತಿತು. ಅದಿರು ಹೊತ್ತ ಬಾರ್ಜುಗಳು ಮಾಂಡವಿ, ಝುವಾರಿಗಳಲ್ಲಿ ಎಬ್ಬಿಸಿದ ಅಲೆಗಳು ದಶಕಗಳ ಕಾಲ ಖಾಜಣದ ಒಡ್ಡುಗಳನ್ನು ಬಡಿದವು. ನೆಲ ಎಂದರೆ ಬೆಳೆಯುವುದಕ್ಕಲ್ಲ, ಮಾರುವುದಕ್ಕೆ ಎಂಬ ಬುದ್ಧಿ ಗೋವಾದಲ್ಲಿ ಹುಟ್ಟಿದ್ದು ಹೋಟೆಲುಗಳ ಕಾಲದಲ್ಲಲ್ಲ, ಆಗಲೇ ಎಂದು ನನ್ನ ನಂಬಿಕೆ.

1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾಯಿತು. ದಯಾನಂದ ಬಾಂದೋಡ್ಕರ್ ಸರ್ಕಾರದ ಕಾಲದಲ್ಲಿ, 1964ರಲ್ಲಿ ಗೇಣಿ ಕಾಯ್ದೆ ಬಂತು. 1976ರ ಐದನೆಯ ತಿದ್ದುಪಡಿ ಉಳುವವನನ್ನೇ ಒಡೆಯನನ್ನಾಗಿ ಮಾಡಿತು. ಕರ್ನಾಟಕದಲ್ಲಿ ದೇವರಾಜ ಅರಸರ ಭೂಸುಧಾರಣೆಯನ್ನು ಕಂಡವರಿಗೆ ಇದರ ನ್ಯಾಯ ಏನೆಂದು ಗೊತ್ತು. ಆಗಬೇಕಾದದ್ದೇ ಆಯಿತು. ಆದರೆ ಗದ್ದೆ ಒಬ್ಬೊಬ್ಬರದಾಯಿತು, ಒಡ್ಡು ಮಾತ್ರ ಎಲ್ಲರದಾಗಿಯೇ ಉಳಿಯಿತು. ಕೊಮುನಿದಾದಿನ ವರಮಾನ ಕುಸಿದು ಅದು ಒಡ್ಡಿನ ಹೊಣೆಯಿಂದ ಹಿಂದೆ ಸರಿಯಿತು. ಆ ಹೊಣೆಯನ್ನು ಹೊರಲು 1975ರ ನಿಯಮಗಳ ಅಡಿಯಲ್ಲಿ ಗೇಣಿದಾರರ ಸಂಘಗಳು ಬಂದವು. ಕೆಲವು ಊರುಗಳಲ್ಲಿ ಅವು ಚೆನ್ನಾಗಿ ನಡೆದವು, ಬಹಳಷ್ಟು ಕಡೆ ಕಾಗದದ ಮೇಲೆ ಉಳಿದವು. ಎರಡು ತುಂಡು ಗದ್ದೆ ಇರುವ ಮನೆಯ ಮಗ ಹಡಗಿನ ಕೆಲಸಕ್ಕೋ ಗಲ್ಫಿಗೋ ಹೋಗಿರುವಾಗ, ಮೇ ತಿಂಗಳಲ್ಲಿ ಒಡ್ಡಿಗೆ ಮಣ್ಣು ಹಾಕಲು ಬರುವವರು ಯಾರು?

ಒಳಗಿನಿಂದಲೂ ಏಟು ಬಿತ್ತು. ಪೊಯ್ ಮತ್ತು ಮಾನಸಿನ ಮೀನಿನ ಹರಾಜು ಭತ್ತಕ್ಕಿಂತ ಹೆಚ್ಚು ಹಣ ತರತೊಡಗಿತು. ಹರಾಜು ಹಿಡಿದವನಿಗೆ ಬೇಕಾದದ್ದು ಹೆಚ್ಚು ಉಪ್ಪುನೀರು, ಹೆಚ್ಚು ಸಿಗಡಿ. ತೂಬಿನ ಕದವನ್ನು ಹೊತ್ತಲ್ಲದ ಹೊತ್ತಿನಲ್ಲಿ ತೆರೆದಿಡುವುದು, ಒಡ್ಡು ಒಡೆದರೂ ಕಣ್ಣು ಮುಚ್ಚಿಕೊಳ್ಳುವುದು ಊರೂರಿನ ಜಗಳವಾಯಿತು. ಒಮ್ಮೆ ಉಪ್ಪು ಕುಡಿದ ಗದ್ದೆಗೆ ಮತ್ತೆ ಭತ್ತ ಹಾಕಲು ಒಂದೆರಡು ಮಳೆಗಾಲವಾದರೂ ಕಾಯಬೇಕು. ಕಾಯುವ ವ್ಯವಧಾನ ಇಲ್ಲದವರು ಬೀಳು ಬಿಟ್ಟರು. ಬೀಳಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಬೆಳೆಯಿತು. ಕಾಂಡ್ಲಾ ಬೆಳೆದ ಮೇಲೆ ಕಾನೂನಿನ ಕಣ್ಣಿನಲ್ಲಿ ಅದು ಗದ್ದೆಯಲ್ಲ, ಮುಟ್ಟಬಾರದ ಕಾಡು; ಮರಳಿ ಉಳಬೇಕೆಂದ ರೈತನ ಕೈ ಅಲ್ಲಿಗೆ ಕಟ್ಟಿತು.

ಗೋವಾದಲ್ಲಿ ಗದ್ದೆ ನಾಶವಾಗುವುದು ಅದರ ಮೇಲೆ ಕಟ್ಟಡ ಎದ್ದಾಗ ಎಂದು ನಾವೆಲ್ಲ ಮಾತನಾಡುತ್ತೇವೆ. ಕಟ್ಟಡ ಕೊನೆಯ ಹಂತ. ನಾಶದ ಶುರು ಒಡ್ಡು ಕಾಯುವ ಕೂಟ ಮುರಿದಾಗಲೇ ಆಗಿರುತ್ತದೆ. ಆಮೇಲೆ ಉಪ್ಪು ಬರುತ್ತದೆ, ಬೀಳು ಬೀಳುತ್ತದೆ, ಮಣ್ಣು ತುಂಬುವ ಟಿಪ್ಪರ್ ರಾತ್ರಿ ಹೊತ್ತು ಬರುತ್ತದೆ. ಇಷ್ಟಾದ ಮೇಲೆ ‘ಇಲ್ಲಿ ಯಾರು ಬೆಳೆಯುತ್ತಿದ್ದಾರೆ?’ ಎಂದು ಕೇಳಿ ವಲಯ ಬದಲಾಯಿಸುವ ಅರ್ಜಿ ಹಾಕುವುದು ಸುಲಭ.

ಆ ಅರ್ಜಿಗಳ ಇತಿಹಾಸ ಉದ್ದವಾಗಿದೆ. ಗೇಣಿ ಕಾಯ್ದೆಯಲ್ಲಿ ಸಿಕ್ಕ ನೆಲವನ್ನು ಬೇಸಾಯಕ್ಕಲ್ಲದೆ ಬಳಸಬಾರದು ಎಂದು 1991ರಲ್ಲೇ ಭೂಬಳಕೆ ನಿಯಂತ್ರಣ ಕಾಯ್ದೆ ಹೇಳಿತ್ತು. 2011ನೇ ಇಸವಿಯನ್ನು ಗುರಿಯಾಗಿಟ್ಟು ಮೊದಲೇ ಮಾಡಿದ್ದ ‘ಪ್ರಾದೇಶಿಕ ಯೋಜನೆ 2011’ ಗದ್ದೆ, ಗುಡ್ಡಗಳನ್ನು ವಸತಿ ವಲಯಕ್ಕೆ ಹಾಕಿದಾಗ ಗೋವಾ ಬಚಾವೋ ಅಭಿಯಾನದ ಹೆಸರಿನಲ್ಲಿ ಜನ ಬೀದಿಗೆ ಇಳಿದರು. 2007ರಲ್ಲಿ ಸರ್ಕಾರ ಯೋಜನೆಯನ್ನೇ ಹಿಂದಕ್ಕೆ ಪಡೆಯಿತು. 2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಖಾಜಣಗಳ ನಕ್ಷೆ ಮಾಡಬೇಕು, ಅಲ್ಲಿ ಅಭಿವೃದ್ಧಿ ಕಾಮಗಾರಿ ಕೂಡದು ಎಂದಿತು. ಇಷ್ಟಾದರೂ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆಗೆ 2018ರಲ್ಲಿ 16ಬಿ, 2023ರಲ್ಲಿ 17(2), 2024ರಲ್ಲಿ 39ಎ ಎಂಬ ಕಲಮುಗಳು ಸೇರಿದವು. ಇಡೀ ಊರಿನ ಯೋಜನೆಯ ಮಾತು ಬಿಟ್ಟು, ಒಂದೊಂದು ಸರ್ವೆ ನಂಬರಿನ ವಲಯವನ್ನು ಬಿಡಿಬಿಡಿಯಾಗಿ ಬದಲಾಯಿಸುವ ದಾರಿಗಳು ಇವು. 17(2)ರ ಅಡಿಯ ನಿಯಮಗಳನ್ನು ಬಾಂಬೆ ಹೈಕೋರ್ಟಿನ ಗೋವಾ ಪೀಠ 2025ರ ಮಾರ್ಚಿನಲ್ಲಿ ರದ್ದು ಮಾಡಿತು. ಭತ್ತದ ಗದ್ದೆಯನ್ನು ರೈತರಲ್ಲದವರಿಗೆ ಮಾರಬಾರದು ಎಂಬ ಕಾಯ್ದೆಯನ್ನೂ ಇದೇ ವಿಧಾನಸಭೆ 2023ರಲ್ಲಿ ಮಾಡಿದೆ. ಒಂದು ಕೈ ಗದ್ದೆಗೆ ಬೇಲಿ ಹಾಕುತ್ತಿದ್ದರೆ ಇನ್ನೊಂದು ಕೈ ಅದೇ ಬೇಲಿಯನ್ನು ತೆಗೆಯುತ್ತಿದೆ.

ಪಣಜಿಗೆ ಅಂಟಿಕೊಂಡ ತಾಳಗಾಂವದಲ್ಲಿ ಆಗಸ್ಟ್ 21ರಂದು ಹೊಸ ತೆನೆಯ ಹಬ್ಬ ಈಗಲೂ ನಡೆಯುತ್ತದೆ. ಸುತ್ತ ಅಪಾರ್ಟ್‌ಮೆಂಟುಗಳು ಎದ್ದು, ತೆನೆ ಕೊಯ್ಯುವ ಗದ್ದೆ ವರ್ಷದಿಂದ ವರ್ಷಕ್ಕೆ ಕಿರಿದಾಗಿದೆ. ಸಾಸಷ್ಟಿ ತಾಲೂಕಿನ ಕಣಜ ಎನಿಸಿಕೊಂಡ ಕುಡ್ತರಿಯಲ್ಲಿ ಪರಿಸ್ಥಿತಿ ಇನ್ನೂ ವಾಸಿ. ಅಲ್ಲಿನ ಹಳೆಯ ಕೆರೆಗಳು ತುಂಬುತ್ತವೆ, ಊರು ಹಿಂಗಾರಿನಲ್ಲೂ ಭತ್ತ ಬೆಳೆಯುತ್ತದೆ. ಅಲ್ಲಿಯೂ ಸುತ್ತಲಿನ ಊರುಗಳಲ್ಲೂ ನಾಟಿ, ಕೊಯ್ಲಿನ ಕೂಲಿಗೆ ಬರುವವರಲ್ಲಿ ಉತ್ತರ ಕರ್ನಾಟಕದ ಹೆಂಗಸರಿದ್ದಾರೆ. ತಮ್ಮೂರಿನ ಒಣಭೂಮಿಯನ್ನು ಮಳೆ ಕೈಕೊಟ್ಟಿತೆಂದು ಬಿಟ್ಟು ಬಂದವರು, ಇಲ್ಲಿ ನೀರು ಹೆಚ್ಚಾಗಿ ಬೀಳು ಬೀಳುವ ಗದ್ದೆಗಳ ನಡುವೆ ನಾಟಿ ಮಾಡುತ್ತಾರೆ. ಅವರಲ್ಲೊಬ್ಬಾಕೆ, ಬಾದಾಮಿ ಕಡೆಯವರು, ಇಷ್ಟು ನೀರಿರುವ ನೆಲವನ್ನು ಖಾಲಿ ಬಿಡುವುದು ಪಾಪವಲ್ಲವೇ ಅಕ್ಕಾ ಎಂದು ನನ್ನನ್ನು ಕೇಳಿದರು.

ಒಂದು ಸಣ್ಣ ರಾಜ್ಯ ಪಕ್ಕದ ಜಿಲ್ಲೆಯಿಂದ ತರಕಾರಿ ತರಿಸುವುದರಲ್ಲಿ ತಪ್ಪೇನಿದೆ ಎಂದು ಕೇಳಬಹುದು. ತಪ್ಪಿಲ್ಲ. ಆಹಾರ ಭದ್ರತೆ ಎಂದರೆ ಎಲ್ಲವನ್ನೂ ಮನೆಯ ಹಿತ್ತಲಿನಲ್ಲೇ ಬೆಳೆಯುವುದಲ್ಲ. 2013ರ ಆಹಾರ ಭದ್ರತಾ ಕಾಯ್ದೆಯ ಅಕ್ಕಿ ಬೇರೆ ರಾಜ್ಯಗಳ ಗದ್ದೆಗಳಿಂದ ರೈಲಿನಲ್ಲಿ ಬಂದು ಪಡಿತರ ಅಂಗಡಿ ತಲುಪುವುದೂ ಭದ್ರತೆಯೇ. ಆದರೆ ಅಂಥ ಏರ್ಪಾಡು ಒಂದು ಮಾತನ್ನು ನಂಬಿ ನಿಂತಿರುತ್ತದೆ: ಬೆಳೆಯುವ ಕಡೆ ನೆಲ ಹಾಗೆಯೇ ಇರುತ್ತದೆ ಎಂಬುದು. ಗೋವಾದ ಮಟ್ಟಿಗೆ ಆ ನಂಬಿಕೆ ಈಗ ಅಲ್ಲಾಡುತ್ತಿದೆ.

ಬೆಳಗಾವಿಯ ದಕ್ಷಿಣಕ್ಕೆ ಶಹಾಪುರ, ವಡಗಾವಿ, ಅನಗೋಳ, ಯಳ್ಳೂರಿನ ಶಿವಾರ ಇದೆ. ಬೆಳಗಾವಿ ಬಾಸ್ಮತಿಗೆ ಹೆಸರಾದ, ಮುಂಗಾರಿನಲ್ಲಿ ಭತ್ತವೂ ಆಮೇಲೆ ಕಾಳು, ತರಕಾರಿಯೂ ಬರುವ ಕಪ್ಪು ನೆಲ. ಹಲಗಾ–ಮಚ್ಛೆ ಬೈಪಾಸ್ ರಸ್ತೆ ಈ ನೆಲದ ಮೇಲೆಯೇ ಹಾದುಹೋಗುತ್ತದೆ. ಪೊಲೀಸರನ್ನು ನಿಲ್ಲಿಸಿ ಬುಲ್ಡೋಜರ್ ಓಡಿಸಿದಾಗ ರೈತರು, ಮನೆಯ ಹೆಂಗಸರು, ಮುದುಕರು ಬೆಳೆಯ ನಡುವೆ ನಿಂತು ತಡೆದರು; ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಬೆಂಗಳೂರು–ಪುಣೆ ಹೆದ್ದಾರಿಯ ವಾಹನಗಳು ಬೆಳಗಾವಿ ನಗರವನ್ನು ಮುಟ್ಟದೆ ನೇರವಾಗಿ ಗೋವಾದ ಕಡೆಗೆ ತಿರುಗಲಿ ಎಂದು ಮಾಡುತ್ತಿರುವ ರಸ್ತೆ ಅದು.