ಬಣ್ಣ ಸಿಕ್ಕಿದ್ದು ಒಬ್ಬನಿಗೆ ಮಾತ್ರ

ಕಲಾ ಇತಿಹಾಸದ ತರಗತಿಯಲ್ಲಿ ಮೂಲನಿವಾಸಿ ಕಲಾವಿದ ರಾಬರ್ಟ್ ಹೂಲ್ ಅವರ ಕೃತಿಗಳನ್ನು ತೋರಿಸಿದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ಇದು ಬುಡಕಟ್ಟು ಕಲೆಯೋ, ಆಧುನಿಕ ಕಲೆಯೋ? ಹಾಗೆ ಕೇಳುವುದನ್ನು ನಮಗೆ ಕಲಿಸಿಕೊಟ್ಟದ್ದು ವಸ್ತುಸಂಗ್ರಹಾಲಯಗಳು. ಹೂಲ್ ತಕರಾರು ತೆಗೆದದ್ದೂ ಅವುಗಳ ಮೇಲೆಯೇ.

ಹೂಲ್ ಕೆನಡಾದ ಮ್ಯಾನಿಟೋಬಾದವರು, ಜನನ 1947. ಅನಿಶಿನಾಬೆ ಎಂಬ ಮೂಲನಿವಾಸಿ ಜನರಲ್ಲಿ ಸೋಟೋ ಎನಿಸಿಕೊಳ್ಳುವ ಪಂಗಡ, ಸ್ಯಾಂಡಿ ಬೇ ಸಮುದಾಯ. ಬಾಲ್ಯ ಕಳೆದದ್ದು ಮೂಲನಿವಾಸಿ ಮಕ್ಕಳನ್ನು ಮನೆಯಿಂದ, ಮನೆಮಾತಿನಿಂದ ದೂರ ಮಾಡಲೆಂದೇ ನಡೆಸುತ್ತಿದ್ದ ವಸತಿ ಶಾಲೆಯಲ್ಲಿ. ಮುಂದೆ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಕಲಾ ಶಿಕ್ಷಣದ ಪದವಿ ಪಡೆದರು. 1977ರಲ್ಲಿ ಒಟ್ಟಾವಾದ ರಾಷ್ಟ್ರೀಯ ಸಂಗ್ರಹಾಲಯದಲ್ಲಿ ಸಮಕಾಲೀನ ಮೂಲನಿವಾಸಿ ಕಲೆಯ ಮೊದಲ ಕ್ಯುರೇಟರ್ ಆದರು. ಸಮುದಾಯಗಳು ಪೂಜ್ಯವೆಂದು ಕಾಪಾಡಿಕೊಂಡು ಬಂದ ವಸ್ತುಗಳು ಅಲ್ಲಿ ಮಾನವಶಾಸ್ತ್ರದ ಮಾದರಿಗಳಾಗಿದ್ದವು. 1980ರಲ್ಲಿ ಹುದ್ದೆ ಬಿಟ್ಟರು. ಸರ್ಕಾರಿ ನೌಕರಿಯನ್ನು ಇಂಥ ಕಾರಣಕ್ಕೆ ಬಿಡುವವರು ಎಲ್ಲ ಕಡೆಯೂ ಕಡಿಮೆ.

ಮೂರು ವರ್ಷಗಳ ನಂತರ ಅವರು ಮಾಡಿದ ಸರಣಿಯಲ್ಲಿ ಕ್ರಿಸ್ತನ ಕೊನೆಯ ಭೋಜನಕ್ಕೆ ಕೂತವರ ಲೆಕ್ಕಕ್ಕೆ ಸರಿಯಾಗಿ 13 ಕೃತಿಗಳಿವೆ. ಆದರೆ ಒಂದರಲ್ಲೂ ಮುಖವಿಲ್ಲ. ಬಯಲುಸೀಮೆಯ ಮೂಲನಿವಾಸಿಗಳು ಆಹಾರ, ಬಟ್ಟೆ ಇಡಲು ಬಳಸುತ್ತಿದ್ದ ಬಣ್ಣದ ತೊಗಲು ಚೀಲಗಳ ವಿನ್ಯಾಸ, ಕಾಗದದ ಮೇಲೆ ಅಕ್ರಿಲಿಕ್, ಅದರಲ್ಲಿ ಪೋಣಿಸಿದ ಮುಳ್ಳುಹಂದಿಯ ಮುಳ್ಳುಗಳು.

ತರಗತಿಯಲ್ಲಿ ಹೆಚ್ಚು ಹೊತ್ತು ಹಿಡಿಯುವುದು 1992ರ ‘ಕನಾಟಾ’. ಅದಕ್ಕೂ ಮೊದಲು ಬೆಂಜಮಿನ್ ವೆಸ್ಟ್ 1770ರಲ್ಲಿ ಬರೆದ ಜನರಲ್ ವೂಲ್ಫ್‌ನ ಮರಣದ ಚಿತ್ರವನ್ನು ತೋರಿಸುತ್ತೇನೆ. ಕ್ವಿಬೆಕ್‌ಗಾಗಿ ಫ್ರೆಂಚರೊಡನೆ ನಡೆದ ಕಾಳಗದಲ್ಲಿ ಬ್ರಿಟಿಷ್ ಸೇನಾನಿ ಸಾಯುತ್ತಿದ್ದಾನೆ, ಸುತ್ತ ಅಧಿಕಾರಿಗಳು ನೆರೆದಿದ್ದಾರೆ. ಎಡಭಾಗದಲ್ಲಿ ಮೂಲನಿವಾಸಿ ಯೋಧನೊಬ್ಬ ಗಲ್ಲಕ್ಕೆ ಕೈಯಿಟ್ಟು ನೆಲದ ಮೇಲೆ ಕೂತಿದ್ದಾನೆ. ಏನು ಕಂಡಿತು ಎಂದು ಕೇಳಿದರೆ ಎಲ್ಲರೂ ಸೇನಾನಿಯ ಹೆಸರನ್ನೇ ಹೇಳುತ್ತಾರೆ.

ಕನಾಟಾದಲ್ಲಿ ಹೂಲ್ ಅದೇ ದೃಶ್ಯವನ್ನು ಕಂದು ರೇಖೆಗಳಲ್ಲಿ ಮತ್ತೆ ಬರೆದರು. ಅಧಿಕಾರಿಗಳು, ಧ್ವಜ, ಆಕಾಶ ಎಲ್ಲವೂ ಕಂದು. ಬಣ್ಣ ಸಿಕ್ಕಿರುವುದು ಯೋಧನಿಗೆ ಮಾತ್ರ. ಒಂದು ಪಕ್ಕದಲ್ಲಿ ಅಪ್ಪಟ ಕೆಂಪಿನ ಫಲಕ, ಇನ್ನೊಂದು ಪಕ್ಕದಲ್ಲಿ ನೀಲಿ: ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಸಿಕ್ಕಿಕೊಂಡ ಜನ. ಕೃತಿಯ ಒಟ್ಟು ಅಗಲ ಏಳು ಮೀಟರಿಗಿಂತ ಹೆಚ್ಚು. ವಿಶಾಲವಾದ ಒಂದೇ ಬಣ್ಣದ ಹರವನ್ನು ಬಳಸುವುದನ್ನು ಹೂಲ್ ಅಮೆರಿಕದ ಬಾರ್ನೆಟ್ ನ್ಯೂಮನ್ ಅವರ ಚಿತ್ರಗಳಿಂದ ಕಲಿತರು. ಬಳಸಿದ್ದು ಮಾತ್ರ ತಮ್ಮ ಜನರ ವ್ಯಾಜ್ಯಕ್ಕೆ. ವೆಸ್ಟ್‌ನ ಯಾವ ಆಕೃತಿಯನ್ನೂ ಅವರು ಅಳಿಸಿಲ್ಲ ಎಂಬುದು ನನಗೆ ಮುಖ್ಯ. ಬಣ್ಣವನ್ನು ಹಿಂತೆಗೆದುಕೊಂಡಿದ್ದಾರೆ, ಅಷ್ಟೆ. ಟೊರೊಂಟೊದ ಕಲಾ ಕಾಲೇಜಿನಲ್ಲಿ ಸುಮಾರು 15 ವರ್ಷ ಮೂಲನಿವಾಸಿ ಅಧ್ಯಯನ ಕಲಿಸಿದ ಮೇಷ್ಟರ ಕೈ ಇಲ್ಲಿ ಕಾಣುತ್ತದೆ. ಕನಾಟಾ ನೋಡಿದ ಮೇಲೆ ವೆಸ್ಟ್‌ನ ಮೂಲ ಚಿತ್ರಕ್ಕೆ ಮರಳಿದರೆ ಕಣ್ಣು ತಾನಾಗಿ ಎಡಕ್ಕೆ ಹೋಗುತ್ತದೆ.

ವಸತಿ ಶಾಲೆಯ ನೆನಪುಗಳನ್ನು ಅವರು ಕಾಗದಕ್ಕಿಳಿಸಿದ್ದು 2009ರಲ್ಲಿ, ಎಣ್ಣೆಬಣ್ಣದ ಕಡ್ಡಿಗಳಿಂದ ಬಿರುಸಾಗಿ ಎಳೆದ 24 ಚಿತ್ರಗಳಲ್ಲಿ. ಹಿಂದಿನ ವರ್ಷವಷ್ಟೇ ಕೆನಡಾ ಸರ್ಕಾರ ಆ ಶಾಲೆಗಳಿಗಾಗಿ ಸಂಸತ್ತಿನಲ್ಲಿ ಕ್ಷಮೆ ಕೇಳಿತ್ತು. ಈ ಚಿತ್ರಗಳನ್ನು ನಾನು ಕೊನೆಗೇ ತೋರಿಸುತ್ತೇನೆ. ಮೊದಲೇ ತೋರಿಸಿದರೆ ತರಗತಿಯಲ್ಲಿ ಮರುಕ ತುಂಬಿಕೊಳ್ಳುತ್ತದೆ, ಹೂಲ್ ನೊಂದ ಬಾಲಕನಾಗಿಯೇ ಉಳಿಯುತ್ತಾರೆ. ಆಮೇಲೆ ಕೆಂಪು ಫಲಕ ಅಲ್ಲೇಕಿದೆ ಎಂದು ಯಾರೂ ಕೇಳುವುದಿಲ್ಲ.