ಫೋನ್ ಬಂತು, ಅಕ್ಷರ ತಡವಾಗಿ ಬಂತು

1995ರಲ್ಲಿ ದೇಶದ ಮೊದಲ ಮೊಬೈಲ್ ಕರೆ, 2003ರಲ್ಲಿ ಒಳಬರುವ ಕರೆ ಉಚಿತ, 2009ರಲ್ಲಿ ಆಂಡ್ರಾಯ್ಡ್, 2016ರ ಸೆಪ್ಟೆಂಬರಿನಲ್ಲಿ ಜಿಯೋ. ಡೇಟಾ ಅಗ್ಗವಾದದ್ದೇ ತಡ, ಸ್ಮಾರ್ಟ್‌ಫೋನ್ ಮನೆಮನೆಗೆ ಬಂತು. ಕೇರಳದ ಗಡಿ ಜಿಲ್ಲೆ ಕಾಸರಗೋಡಿನಲ್ಲೂ ಹಾಗೆಯೇ. ಗಡಿಯ ತಲಪಾಡಿ ದಾಟಿದೊಡನೆ ರೋಮಿಂಗ್ ಬೀಳುತ್ತಿದ್ದುದರಿಂದ ಆಸ್ಪತ್ರೆಗೆ, ಕಾಲೇಜಿಗೆ ಮಂಗಳೂರನ್ನೇ ನೆಚ್ಚಿದವರಿಗೆ ಎರಡು ಸಿಮ್ ಹಾಕುವ ಫೋನ್ ಬಲು ಅನುಕೂಲವಾಯಿತು.

ಆದರೆ ಆ ಫೋನಿನಲ್ಲಿ ಕನ್ನಡ ಓದುವುದು ಸುಲಭವಿರಲಿಲ್ಲ. ಈ ತೊಂದರೆ ಎಲ್ಲ ಕನ್ನಡಿಗರದ್ದು ಹೌದು. ಸುತ್ತಲಿನ ಬೋರ್ಡು, ಬಿಲ್ಲು, ನೋಟೀಸುಗಳು ಹೆಚ್ಚಾಗಿ ಮಲಯಾಳದಲ್ಲಿರುವ ಗಡಿನಾಡಿನಲ್ಲಿ ಅದು ಹೆಚ್ಚು ಚುಚ್ಚಿತು.

'ನುಡಿ', 'ಬರಹ' ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು. ಆ ಫಾಂಟ್ ಇಲ್ಲದ ಫೋನಿನಲ್ಲಿ ಕಡತ ತೆರೆದರೆ 'ಕನ್ನಡ' ಎಂಬ ಪದದ 'ನ' ಇರುವಲ್ಲಿ ಪೌಂಡ್ ಚಿಹ್ನೆ ಕಾಣುತ್ತಿತ್ತು. ಯೂನಿಕೋಡ್‌ನಲ್ಲಿ (ಪ್ರತಿ ಅಕ್ಷರಕ್ಕೂ ಎಲ್ಲೆಡೆ ಒಂದೇ ಸಂಕೇತ ಕೊಡುವ ಪದ್ಧತಿಯಲ್ಲಿ) ಬರೆದದ್ದೂ ಹಳೆಯ ಆಂಡ್ರಾಯ್ಡ್‌ಗಳಲ್ಲಿ ಬರೀ ಚೌಕಗಳ ಸಾಲು. 'ಸ್ತ್ರೀ' ಎಂದರೆ ಸ, ವಿರಾಮ (ಅಕ್ಷರದ ಅಕಾರ ತೆಗೆಯುವ ಚಿಹ್ನೆ), ತ, ವಿರಾಮ, ರ, ದೀರ್ಘ ಈಕಾರ ಹೀಗೆ ಆರು ಸಂಕೇತ. ಆರನ್ನೂ ಬೆಸೆದು ಒಂದೇ ಅಕ್ಷರವಾಗಿ ತೋರಿಸುವ ವ್ಯವಸ್ಥೆ ಫೋನಿನೊಳಗಿಲ್ಲದಿದ್ದರೆ ಫಾಂಟ್ ಹಾಕಿದರೂ ಒತ್ತಕ್ಷರ ಒಡೆಯುತ್ತದೆ. 2012ರ ಆಂಡ್ರಾಯ್ಡ್ 4.1 ಕನ್ನಡ, ತೆಲುಗು, ಮಲಯಾಳಗಳನ್ನು ಒಟ್ಟಿಗೇ ಒಳಗೆ ಬಿಟ್ಟುಕೊಂಡಿತು.

ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತಿರುಗಿಸುವಾಗ ಅರ್ಕಾವತ್ತು (ಅರ್ಧ ರಕಾರದ ಚಿಹ್ನೆ) ಕೈಕೊಡುತ್ತದೆ. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಮೊದಲು. ಹಾಗಾಗಿಯೇ ವಾಟ್ಸಾಪಿನಲ್ಲಿ ಬರುವ ಆಮಂತ್ರಣಗಳಲ್ಲಿ 'ಕಾರ್ಯಕ್ರಮ'ದ ಬದಲು 'ಕಾಯರ್ಕ್ರಮ' ಎಂದಿರುವುದು. ಕಳಿಸುವ ಮುನ್ನ ರಕಾರಗಳನ್ನಷ್ಟೇ ಹುಡುಕಿ ನೋಡಿದರೆ ಹೆಚ್ಚಿನ ತಪ್ಪು ಸಿಗುತ್ತದೆ.

ಎಸ್ಸೆಮ್ಮೆಸ್ಸಿನ ಲೆಕ್ಕವೂ ಕನ್ನಡಕ್ಕೆ ದುಬಾರಿ. ಒಂದು ಸಂದೇಶದಲ್ಲಿ ಇಂಗ್ಲಿಷಿಗೆ 160 ಅಕ್ಷರ, ಕನ್ನಡಕ್ಕೆ 70 ಸಂಕೇತ. 'ಸ್ತ್ರೀ' ಒಂದೇ ಆರನ್ನು ನುಂಗುತ್ತದೆ. ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆಯುವ ರೂಢಿ ಬೆಳೆದದ್ದರಲ್ಲಿ ಇದರ ಪಾಲೂ ಇದೆ. ವಾಟ್ಸಾಪ್ ಈ ಮಿತಿಯನ್ನು ತೆಗೆಯಿತು. ಧ್ವನಿ ಸಂದೇಶ ಬಂದ ಮೇಲಂತೂ ತುಳು, ಬ್ಯಾರಿ, ಹವ್ಯಕ, ಕೊಂಕಣಿ ಆಡುವವರಿಗೆ ಲಿಪಿಯ ಹಂಗೇ ಬೇಡವಾಯಿತು. ಗಲ್ಫಿನಲ್ಲಿರುವ ಮಗನಿಗೆ ಅಮ್ಮ ಮನೆಮಾತಿನಲ್ಲೇ ಹೇಳಬಹುದು. 2017ರಲ್ಲಿ ಗೂಗಲ್ ಕನ್ನಡದ ಮಾತನ್ನು ಬರಹವಾಗಿಸತೊಡಗಿತು. ಕೀಲಿಮಣೆಗೆ ಅಂಜುತ್ತಿದ್ದ ಹಿರಿಯರಿಗೆ ಅದು ನಿಜವಾದ ಉಪಕಾರ.

ಈಗಿನ ತೊಡಕು ಫೋನಿನದ್ದಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಂತೆ ಇಲ್ಲಿನ ಕನ್ನಡಿಗರು ಕಚೇರಿಗಳಿಗೆ ಕನ್ನಡದಲ್ಲೇ ಪತ್ರ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲೇ ಪಡೆಯಬಹುದು. ಕಾಗದದ ಅರ್ಜಿ ಆ್ಯಪಿಗೆ ಬಂದಾಗ ಆ ಹಕ್ಕು ಜತೆಗೆ ಬರಲಿಲ್ಲ. ಅನೇಕ ಸೇವೆಗಳಲ್ಲಿ ಭಾಷೆಯ ಆಯ್ಕೆ ಮಲಯಾಳ, ಇಂಗ್ಲಿಷಿಗೇ ಮುಗಿಯುತ್ತದೆ. ಸ್ಕ್ರೀನ್‌ಶಾಟ್ ತೆಗೆದು ಅನುವಾದ ಆ್ಯಪಿಗೆ ಕೊಟ್ಟರೆ ಸೂಚನೆಗಳು ಅರ್ಥವಾಗುತ್ತವೆ. ಹೆಸರು, ಊರುಗಳನ್ನು ಮಾತ್ರ ಆಧಾರಿನೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಲೇಬೇಕು. ಮಂಜೇಶ್ವರ ಮಲಯಾಳದಲ್ಲಿ ಮಂಜೇಶ್ವರಂ ಆಗುತ್ತದೆ, ಕುಂಬಳೆ ಕುಂಬಳ ಆಗುತ್ತದೆ. ಅದು ಕಷ್ಟವೆನಿಸಿದವರು ಕೈಯಲ್ಲಿ ಫೋನ್ ಹಿಡಿದುಕೊಂಡೇ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರದ ಸಾಲಿನಲ್ಲಿ ನಿಲ್ಲುತ್ತಾರೆ.